ಜೇನುಪೆಟ್ಟಿಗೆಗೆ ವರೋವಾ ನುಸಿಯ ಔಷಧಿ ಹೊಸ ರಾಣಿ ಬಿಡುವ ಮೊದಲೋ, ಆಮೇಲೋ? ಮಾಡಿ ನೋಡಿದವರು ಹೇಳಿ

ಹೊಳಲ್ಕೆರೆ ತೆಂಗಿನತೋಟ:
ಎಲ್ಲರಿಗೂ ನಮಸ್ಕಾರ. ತೋಟದಲ್ಲಿ 8 ಮೆಲಿಫೆರಾ (ಹೊರದೇಶದ ಜೇನುಹುಳ) ಪೆಟ್ಟಿಗೆ ಇವೆ. ಎರಡರಲ್ಲಿ ರಾಣಿಗೆ ವಯಸ್ಸಾಗಿದೆ, ಮೊಟ್ಟೆ ಅಲ್ಲೊಂದು ಇಲ್ಲೊಂದು. ಸಕ್ಕರೆ ಪುಡಿಯಲ್ಲಿ 300 ಹುಳ ಹೊರಳಿಸಿ ನೋಡಿದೆ. ಒಂದರಲ್ಲಿ 14, ಇನ್ನೊಂದರಲ್ಲಿ 17 ನುಸಿ ಉದುರಿದವು. ಮಿಲನ ಆದ ಎರಡು ರಾಣಿ ಮುಂದಿನ ವಾರ ಪಂಜರದಲ್ಲಿ ಬರುತ್ತವೆ, ದುಡ್ಡು ಕಟ್ಟಿ ಆಗಿದೆ. ಮನೆಯಲ್ಲಿ ಫಾರ್ಮಿಕ್ ಆಸಿಡ್ ಇದೆ, ಆಕ್ಸಾಲಿಕ್ ಬೇಕಾದರೆ ತರುತ್ತೇನೆ. ಮೊದಲು ಔಷಧಿ ಹಾಕಿ ಆಮೇಲೆ ರಾಣಿ ಬಿಡಲಾ, ಇಲ್ಲ ರಾಣಿ ಮೊಟ್ಟೆ ಇಡಲು ಶುರು ಮಾಡಿದ ಮೇಲೆ ಹಾಕಲಾ? ಈಗ ಮೋಡ ಇದೆ, ಬಿಸಿಲು ಅಷ್ಟಿಲ್ಲ. ಸೂರ್ಯಕಾಂತಿ ಹೂವಿಗೆ ಇನ್ನೂ ಒಂದು ತಿಂಗಳು. ಜೇನು ತುಂಬಲು ಮೇಲೆ ಇಡುವ ಸೂಪರ್ ಇಟ್ಟಿಲ್ಲ.

ಜಗಳೂರು ಲಾರಿ ಜೇನು:
ಮೊದಲು ಔಷಧಿ, ಆಮೇಲೆ ರಾಣಿ. ಇದರಲ್ಲಿ ಚರ್ಚೆಯೇ ಬೇಡ. ಹೋದ ಬೇಸಿಗೆಯಲ್ಲಿ ಹುಣಸೆ, ಹೊಂಗೆ ಹೂವಿಗೆ ಅಂತ ಪೆಟ್ಟಿಗೆ ಇಳಿಸಿದ್ದೆ. ರಾಣಿ ಮಾರಿದ ಪುಣ್ಯಾತ್ಮ ಫೋನಿನಲ್ಲಿ ಹೇಳಿದ, ಪಂಜರ ಸಿಕ್ಕಿಸಿ, ಅದೇ ದಿನ ಫಾರ್ಮಿಕ್ ಇಡಿ, ಎರಡೂ ಕೆಲಸ ಒಂದೇ ಸಲ ಮುಗಿಯುತ್ತೆ ಅಂತ. ಆರು ಪೆಟ್ಟಿಗೆಗೆ ಹಾಗೇ ಮಾಡಿಸಿದ. ನಮ್ಮ ಕಡೆ ಬಿಸಿಲು ಗೊತ್ತಲ್ಲ, ನಾಲ್ಕು ದಿನಕ್ಕೆ ಅಂತ ಹಾಕಿದ ಆಸಿಡ್ ಒಂದೇ ಮಧ್ಯಾಹ್ನಕ್ಕೆ ಆವಿಯಾಗಿ ಹೋಯಿತು. ಹುಳ ಪೂರ್ತಿ ಬಾಗಿಲ ಹೊರಗೆ ಜೋತು ಬಿದ್ದವು. ಒಳಗೆ ಪಂಜರದ ಹತ್ತಿರ ಒಂದೂ ಇಲ್ಲ, ಉಣಿಸುವವರಿಲ್ಲದೆ ಎರಡು ರಾಣಿ ಪಂಜರದಲ್ಲೇ ಸತ್ತವು. ಉಳಿದವನ್ನು ಬಿಟ್ಟ ತಕ್ಷಣ ಹುಳ ಉಂಡೆ ಕಟ್ಟಿ ಕೊಂದವು. ಆ ಘಾಟಿನಲ್ಲಿ ಯಾರ ವಾಸನೆ ಯಾರದ್ದು ಅಂತ ಅವಕ್ಕೆ ಹೇಗೆ ಗೊತ್ತಾಗಬೇಕು?

ಖರ್ಚು ಬರೆದುಕೊಳ್ಳಿ. ರಾಣಿ ಒಂದಕ್ಕೆ 700, ಆರಕ್ಕೆ 4,200. ಬಸ್ ಪಾರ್ಸೆಲ್ 240. ಅದನ್ನು ತರಲು ದಾವಣಗೆರೆಗೆ ಹೋಗಿ ಬಂದ ಪೆಟ್ರೋಲ್ 200. ಆಸಿಡ್ 650. ಬಾಟಲಿ, ಬತ್ತಿ, ಗ್ಲೌಸು 380. ಪಾಕಕ್ಕೆ ಸಕ್ಕರೆ 10 ಕೆಜಿ, 44ರ ಹಾಗೆ 440. ಒಟ್ಟು 6,110 ರೂಪಾಯಿ. ಇದು ಬರೀ ಕೈಯಿಂದ ಹೋದದ್ದು. ಹುಣಸೆ ಹೂವಿನ ಜೇನು ಹೋದದ್ದು ಇದರಲ್ಲಿ ಸೇರಿಲ್ಲ. ಮಾರಿದವನು ಈಗ ಫೋನ್ ಎತ್ತುವುದಿಲ್ಲ.

ಈಗ ನಾನು ಫಾರ್ಮಿಕ್ ಕೆಲಸ ಪೂರ್ತಿ ಮುಗಿಸಿ, ಪೆಟ್ಟಿಗೆ ಬಾಯಿ ತೆಗೆದಿಟ್ಟು, ಒಂದು ವಾರ ಗಾಳಿ ಆಡಿದ ಮೇಲೆಯೇ ಹಳೆ ರಾಣಿ ತೆಗೆಯುವುದು. ಒಂದೂ ಹಾಳಾಗಿಲ್ಲ.

ಚನ್ನಗಿರಿ ಅಡಿಕೆ:
ಲಾರಿ ಅಣ್ಣ, 39 ಡಿಗ್ರಿಯಲ್ಲಿ ಫಾರ್ಮಿಕ್ ಇಟ್ಟರೆ ರಾಣಿ ಅಷ್ಟೇ ಅಲ್ಲ, ಇಟ್ಟವನೂ ಕೆಮ್ಮುತ್ತಾನೆ. ಹಗಲು 30 ಡಿಗ್ರಿ ದಾಟುತ್ತೆ ಅಂದರೆ ಅದನ್ನು ಮುಟ್ಟಬಾರದು ಅನ್ನೋದು ಪೆಟ್ಟಿಗೆ ಸಾಕುವ ಯಾರಿಗೂ ಗೊತ್ತು. ಮಾರಿದವನನ್ನು ಬೈದು ಏನು ಪ್ರಯೋಜನ?

ನಾನು ಫಾರ್ಮಿಕ್ ಬಿಟ್ಟು ಆಕ್ಸಾಲಿಕ್‌ಗೆ ಬಂದೆ. ರಾಣಿ ಬದಲಿಸುವ ಹೊತ್ತೇ ನುಸಿ ಹೊಡೆಯುವ ಹೊತ್ತು. ಆಕ್ಸಾಲಿಕ್ ಮೇಣ ಮುಚ್ಚಿದ ಕೋಣೆ ಒಳಗೆ ಹೋಗುವುದಿಲ್ಲ, ಅದೇ ಅದರ ದೋಷ. ನುಸಿ ಬಹುಪಾಲು ಅಲ್ಲೇ ಇರುತ್ತೆ. ಕೆಲಸಗಾರ ಹುಳದ ಮರಿ ಮೇಣದ ಕೆಳಗೆ 12 ದಿನ, ಗಂಡು ಹುಳದ್ದು ಇನ್ನೆರಡು ಮೂರು ದಿನ ಜಾಸ್ತಿ. ಅದಕ್ಕೇ ನಾನು ಹಳೆ ರಾಣಿಯನ್ನು ಕೊಲ್ಲುವುದಿಲ್ಲ. ದೊಡ್ಡ ಪಂಜರದಲ್ಲಿ ಹಾಕಿ ಪೆಟ್ಟಿಗೆ ಮಧ್ಯದಲ್ಲೇ 24 ದಿನ ಇಡುತ್ತೇನೆ. ಮೊಟ್ಟೆ ನಿಲ್ಲುತ್ತೆ. ಇದ್ದ ಮರಿ ಪೂರ್ತಿ, ಗಂಡು ಹುಳ ಸಮೇತ, ಹೊರಗೆ ಬರುತ್ತೆ. ಆಗ ನುಸಿಗೆ ಅಡಗಲು ಜಾಗ ಇಲ್ಲ, ಎಲ್ಲಾ ಹುಳದ ಮೈಮೇಲೆ. ಒಂದೇ ಸಲ ಆಕ್ಸಾಲಿಕ್ ಪಾಕ. ಎರಡು ಮೂರು ದಿನ ಬಿಟ್ಟು ಹಳೆಯದನ್ನು ತೆಗೆದು ಹೊಸದನ್ನು ಪಂಜರದಲ್ಲಿ ಕೊಡುತ್ತೇನೆ. ಹೋದ ಸಲ ಹೀಗೆ ಮಾಡಿದ ಪೆಟ್ಟಿಗೆಗಳಲ್ಲಿ ಆಮೇಲೆ 300 ಹುಳಕ್ಕೆ ಒಂದು ನುಸಿಯೂ ಸರಿಯಾಗಿ ಬೀಳಲಿಲ್ಲ.

ಪಾಕ ಹೇಗೆ ಅಂತ ಕೇಳುತ್ತಾರೆ, ಹೇಳಿಬಿಡುತ್ತೇನೆ. ಸಕ್ಕರೆ ನೀರು ಸಮ ಸಮ ಸೇರಿಸಿದ ಪಾಕ ಒಂದು ಲೀಟರ್, ಅದಕ್ಕೆ 35 ಗ್ರಾಂ ಆಕ್ಸಾಲಿಕ್ ಹರಳು. ಎರಡು ಫ್ರೇಮ್ ನಡುವಿನ ಸಂದಿಗೆ 5 ಎಂಎಲ್, ಪೆಟ್ಟಿಗೆಗೆ 50 ಎಂಎಲ್ ದಾಟಬಾರದು. ಸಂಜೆ ಹಾಕಿ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಮತ್ತೆ ಮತ್ತೆ ಸುರಿಯಬೇಡಿ, ಹುಳಕ್ಕೇ ಪೆಟ್ಟು.

ಹರಳು ಅರ್ಧ ಕೆಜಿ 260, ತೂಕಕ್ಕೆ ಸಣ್ಣ ಡಿಜಿಟಲ್ ತಕ್ಕಡಿ 450, ಸಿರಿಂಜು 20. ರಾಣಿ ಪಂಜರ ಮಾತ್ರ ಒಂದು 180, ಅದು ಸುಲಿಗೆ. ಹೊಸ ಹುಳ ಬರದೆ ಇಪ್ಪತ್ತು ಚಿಲ್ಲರೆ ದಿನ ಹೋಗುತ್ತೆ, ಅದನ್ನು ಹೂವಿಲ್ಲದ ಕಾಲಕ್ಕೆ ಹೊಂದಿಸಿಕೊಳ್ಳಬೇಕು. ಅಷ್ಟು ತಾಳ್ಮೆ ಇಲ್ಲದವರು ಜೇನು ಸಾಕಬಾರದು.

ಜಗಳೂರು ಲಾರಿ ಜೇನು:
ತಾಳ್ಮೆ ಪಾಠ ಬೇಡ ಸ್ವಾಮಿ. ನಿಮಗೆ ಅಡಿಕೆ ದುಡ್ಡಿದೆ, ಜೇನು ಹವ್ಯಾಸ. ನನಗೆ ಇದೇ ಅನ್ನ. 24 ದಿನ ರಾಣಿಯನ್ನು ಬಂಧಿಸಿದರೆ ಸೂರ್ಯಕಾಂತಿ ಹೊತ್ತಿಗೆ ಹೊರಗೆ ಹಾರುವ ಹುಳ ಎಲ್ಲಿಂದ ತರಲಿ? ಇವತ್ತಿನ ಮೊಟ್ಟೆ ಹೂವಿಗೆ ಹೋಗಲು ಹತ್ತಿರ ಹತ್ತಿರ ಆರು ವಾರ ಬೇಕು, ಲೆಕ್ಕ ಹಾಕಿ.

ಸಂತೇಬೆನ್ನೂರು ತುಡುವೆ:
ಇಬ್ಬರ ಜಗಳ ಓದಿ ನಗು ಬಂತು. ನನ್ನ ಹತ್ತಿರ ಇರುವುದು ನಮ್ಮ ನಾಡಿನ ಜೇನು, ತುಡುವೆ ಮಾತ್ರ. ಔಷಧಿ ಖರ್ಚು ಸೊನ್ನೆ. ರಾಣಿ ಖರ್ಚು ಸೊನ್ನೆ, ಅವೇ ಮಾಡಿಕೊಳ್ಳುತ್ತವೆ. ವರೋವಾ ತುಡುವೆಯ ಮೈಮೇಲೆ ಎಷ್ಟು ಕಾಲದಿಂದ ಇದೆಯೋ, ಅದು ಗಂಡು ಹುಳದ ಮರಿಯಲ್ಲಿ ಮಾತ್ರ ಬೆಳೆಯುತ್ತೆ. ಹುಳ ಒಂದರ ಮೈ ಒಂದು ಕೆದಕಿ ನುಸಿ ಕಿತ್ತು ಹಾಕುತ್ತವೆ. ಹೊರಗಿನಿಂದ ತಂದ ಹುಳಕ್ಕೆ ಆ ಬುದ್ಧಿ ಬಂದಿಲ್ಲ. 1962ರಲ್ಲಿ ಪಂಜಾಬಿನ ವಿಜ್ಞಾನಿಗಳು ಈಗಿನ ಹಿಮಾಚಲದ ನಗ್ರೋಟಾದಲ್ಲಿ ಮೆಲಿಫೆರಾ ನೆಲೆ ನಿಲ್ಲಿಸಿದರಲ್ಲ, ಅಲ್ಲಿಂದ ಶುರುವಾಯಿತು ಈ ಔಷಧಿ ಅಂಗಡಿ. ಪ್ರಶ್ನೆ ಕೇಳಿದವರೇ, 8 ಪೆಟ್ಟಿಗೆ ಮಾರಿ ನಾಲ್ಕು ತುಡುವೆ ಇಟ್ಟುಕೊಳ್ಳಿ. ನೆಮ್ಮದಿ.

ಜಗಳೂರು ಲಾರಿ ಜೇನು:
ನೆಮ್ಮದಿ ಎಷ್ಟು ಕೆಜಿ ಬರುತ್ತೆ ವರ್ಷಕ್ಕೆ? ನಾನು ಒಂದು ಪೆಟ್ಟಿಗೆಯಲ್ಲಿ 30 ಕೆಜಿ ತೆಗೆದಿದ್ದೇನೆ. ನಿಮ್ಮದು ಆರು ಏಳು ಬಂದರೆ ಹಬ್ಬ. ಮತ್ತೆ ಆ ಹುಳಕ್ಕೆ ರೋಗವೇ ಇಲ್ಲ ಅನ್ನೋ ಹಾಗೆ ಮಾತಾಡಬೇಡಿ. 1991-92ರಲ್ಲಿ ಮರಿ ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣದ ತುಡುವೆ ಪೆಟ್ಟಿಗೆ ಸಾಲು ಸಾಲು ಖಾಲಿಯಾದದ್ದು ಮರೆತಿರಾ? ನಮ್ಮ ಮಾವ ಆಗ ಇಟ್ಟಿದ್ದರು, ಖಾಲಿ ಪೆಟ್ಟಿಗೆಯಲ್ಲಿ ಆಮೇಲೆ ಕೋಳಿ ಕಾವಿಗೆ ಕೂರಿಸಿದರು.

ಸಂತೇಬೆನ್ನೂರು ತುಡುವೆ:
ಮರೆತಿಲ್ಲ. ಉಳಿದ ಹುಳದಿಂದಲೇ ಮತ್ತೆ ಎದ್ದು ಬಂದವು, ಯಾರೂ ಔಷಧಿ ಪಟ್ಟಿ, ಅದೇ ಸ್ಟ್ರಿಪ್, ಕಟ್ಟಲಿಲ್ಲ. ನಿಮ್ಮ 30 ಕೆಜಿಯಲ್ಲಿ ಸಕ್ಕರೆ ಪಾಕ ಎಷ್ಟು ಕೆಜಿ ಅನ್ನೋದೂ ಬರೆಯಿರಿ. ಮೇಲೆ ಬಿಲ್ಲಿನಲ್ಲಿ 10 ಕೆಜಿ ಸಕ್ಕರೆ ನೀವೇ ಹೇಳಿದ್ದೀರಿ.

ಜಗಳೂರು ಲಾರಿ ಜೇನು:
ಬಾಯಿಗೆ ಬಂದ ಹಾಗೆ ಬರೆಯಬೇಡಿ. ಪಾಕ ಕೊಟ್ಟದ್ದು ಹೂವಿಲ್ಲದಾಗ, ಸೂಪರ್ ಇಲ್ಲದಾಗ. ನನ್ನ ಜೇನು ಟೆಸ್ಟಿಗೆ ಹಾಕಿ. ತೇವಾಂಶ ಶೇಕಡಾ 20ರ ಒಳಗಿದೆ. ನಿಮ್ಮ ಮಳೆಗಾಲದ ತೆಳ್ಳನೆ ಜೇನು ಹಾಕಿ ನೋಡೋಣ ಎಷ್ಟು ಬರುತ್ತೆ.

ಹೊನ್ನಾಳಿ ಅಕ್ಕ:
ನೀವಿಬ್ಬರೂ ಬೇರೆ ಕಡೆ ಹೋಗಿ ಕುಸ್ತಿ ಆಡಿ. ಆ ಹುಡುಗ ರಾಣಿಗೆ ದುಡ್ಡು ಕಟ್ಟಿ ಕೂತಿದ್ದಾನೆ, ಮುಂದಿನ ವಾರ ಬರುತ್ತೆ. ಒಬ್ಬರು 24 ದಿನ ಅಂತೀರಿ, ಇನ್ನೊಬ್ಬರು ಪೆಟ್ಟಿಗೆಯನ್ನೇ ಮಾರು ಅಂತೀರಿ.

ನಾನು ಮಾಡುವುದು ಸಣ್ಣ ಪೆಟ್ಟಿಗೆ ದಾರಿ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನ ತಲೆ. ರಾಣಿ ಬರುವ ಎರಡು ದಿನ ಮೊದಲು ಐದು ಫ್ರೇಮಿನ ಪೆಟ್ಟಿಗೆ ತಯಾರು ಮಾಡುತ್ತೇನೆ. ಅದರಲ್ಲಿ ಮರಿ ಇರಬಾರದು, ಒಂದು ಕೋಣೆಯೂ. ಜೇನು, ಪರಾಗ ಇರುವ ಎರಿ (ಹುಳ ಕಟ್ಟಿದ ಮೇಣದ ಹಟ್ಟಿ) ಒಂದೆರಡು, ಉಳಿದದ್ದು ಖಾಲಿ ಎರಿ. ಹಳೆ ಪೆಟ್ಟಿಗೆಯ ಮರಿ ಫ್ರೇಮಿನಿಂದ ಎಳೆ ಹುಳಗಳನ್ನು ಕೊಡವಿ ಇದಕ್ಕೆ ತುಂಬುತ್ತೇನೆ. ಹಳೆ ರಾಣಿ ಜೊತೆಗೆ ಬರದ ಹಾಗೆ ಮೊದಲು ಅವಳನ್ನು ಹುಡುಕಿ ಎತ್ತಿಡಬೇಕು, ಇದು ದೊಡ್ಡ ತಲೆನೋವು, ನನಗೆ ಕಣ್ಣು ಬೇರೆ ಸರಿಯಿಲ್ಲ, ಮಗಳನ್ನು ಕೂಗುತ್ತೇನೆ. ಆ ಸಂಜೆಯೇ ಆಕ್ಸಾಲಿಕ್ ಪಾಕ. ಮರಿ ಇಲ್ಲ, ಹಾಗಾಗಿ ನುಸಿಗೆ ಜಾಗ ಇಲ್ಲ. ಅಡಿಕೆಯವರು 24 ದಿನ ಕಾದು ಪಡೆದದ್ದು ನನಗೆ ಒಂದೇ ದಿನದಲ್ಲಿ ಸಿಕ್ಕಿತು. ಘಾಟು ಇಳಿದ ಮೇಲೆ ಪಂಜರ ಇಡುವುದು. ಮೂರು ನಾಲ್ಕು ದಿನದಲ್ಲಿ ಹುಳ ಪಂಜರ ಕಚ್ಚುವುದು ಬಿಟ್ಟು ಸುಮ್ನೆ ಉಣಿಸುತ್ತವೆ, ಆಗ ಬಿಡಿ. ಒಂದು ವಾರ ಮುಚ್ಚಳ ತೆಗೆಯಬೇಡಿ.

ಹಳೆ ಪೆಟ್ಟಿಗೆಯಲ್ಲಿ ಮುದಿ ರಾಣಿ, ಮರಿ, ನುಸಿ ಎಲ್ಲಾ ಹಾಗೇ ಇರುತ್ತೆ ಅಲ್ವಾ. ಅದಕ್ಕೆ ಫಾರ್ಮಿಕ್. ಮೇಣದ ಕೆಳಗಿನ ನುಸಿಯನ್ನೂ ಅದು ಮುಟ್ಟುತ್ತೆ. ರಾಣಿ ಸತ್ತರೆ ಸಾಯಲಿ, ಅವಳು ಹೇಗೂ ಹೋಗುವವಳು. ಅದೆಲ್ಲ ಮುಗಿದ ಮೇಲೆ ಹಳೆಯವಳನ್ನು ತೆಗೆದು, ಎಬ್ಬಿಸಿದ ರಾಣಿ ಕೋಣೆ ಇದ್ದರೆ ಒಡೆದು, ಮಧ್ಯೆ ಪೇಪರ್ ಹಾಕಿ ಎರಡನ್ನೂ ಕೂಡಿಸುತ್ತೇನೆ.

ಖರ್ಚು ಅಂದರೆ ಪೆಟ್ಟಿಗೆ. ಬಡಗಿ ಒಂದಕ್ಕೆ 900 ಅಂದ, 750ಕ್ಕೆ ಮಾಡಿದ, ಆಮೇಲೆ ನೋಡಿದರೆ ಫ್ರೇಮ್ ಕೂರುವ ಅಳತೆ ತಪ್ಪು. ಮತ್ತೆ ಉಜ್ಜಲು 100. ಕೀಲು ಮೊಳೆ ಬೇರೆ 60. ಅದೇ ಬಡಗಿ ಮನೆ ಬಾಗಿಲಿಗೂ ಹಾಗೇ ಮಾಡಿದ, ಮಳೆಗಾಲದಲ್ಲಿ ಮುಚ್ಚುವುದೇ ಇಲ್ಲ.

ಚನ್ನಗಿರಿ ಅಡಿಕೆ:
ಅಕ್ಕ, ಒಂದೇ ದಿನದಲ್ಲಿ ಸಿಕ್ಕಿದ್ದು ಅರ್ಧ ಪೆಟ್ಟಿಗೆಗೆ. ಉಳಿದ ಅರ್ಧಕ್ಕೆ ಮತ್ತೆ ಫಾರ್ಮಿಕ್ ಹಿಡಿದಿರಿ. ಕೂಡಿಸಿದಾಗ ಅಲ್ಲಿ ಉಳಿದ ನುಸಿ ಹೊಸ ರಾಣಿ ಮನೆಗೇ ಬರುತ್ತೆ. ನನ್ನದೇ ಶುದ್ಧ ದಾರಿ.

ಹೊನ್ನಾಳಿ ಅಕ್ಕ:
ಅದಕ್ಕೇ ಕೂಡಿಸುವ ಮೊದಲು ಎಣಿಸುವುದು. 300ಕ್ಕೆ 9 ದಾಟಿದರೆ ಕೂಡಿಸುವುದಿಲ್ಲ. ನಿಮ್ಮ ಶುದ್ಧ ದಾರಿಯಲ್ಲಿ ಪಂಜರದ ರಾಣಿ ಎಷ್ಟು ಸತ್ತವು ಅಂತ ಬರೆಯಲಿಲ್ಲ ನೀವು. ಹೋದ ವರ್ಷ ನನಗೇ ಫೋನ್ ಮಾಡಿ ಒಂದು ರಾಣಿ ಕೊಡಿ ಅಕ್ಕ ಅಂತ ಕೇಳಿದ್ದು ಯಾರು?

ಚನ್ನಗಿರಿ ಅಡಿಕೆ:
ಅದು ಬೇರೆ ವಿಷಯ. ಇರುವೆ ಹತ್ತಿತ್ತು.

ಹಿರಿಯೂರು ದಾಳಿಂಬೆ:
ಎಲ್ಲರೂ ಔಷಧಿ ಹೇಳಿದಿರಿ, ನುಸಿ ಎಲ್ಲಿಂದ ಬರುತ್ತೆ ಅಂತ ಯಾರೂ ಹೇಳಲಿಲ್ಲ. ನನ್ನ ಪೆಟ್ಟಿಗೆಗಳಲ್ಲಿ ರಾಣಿ ಬದಲಿಸಿ, ಔಷಧಿ ಮಾಡಿ, ಲೆಕ್ಕ 300ಕ್ಕೆ ಎರಡಕ್ಕೆ ಇಳಿದಿತ್ತು. ಆಮೇಲೆ ಪಕ್ಕದ ಹೊಲಕ್ಕೆ ಲಾರಿ ಬಂತು. ರಾತ್ರಿ ಇಳಿಸಿದರು, ಹೇಳಿಲ್ಲ ಕೇಳಿಲ್ಲ. ಅವರ ಸೊರಗಿದ ಪೆಟ್ಟಿಗೆಗೆ ನನ್ನ ಹುಳ ಕಳ್ಳತನಕ್ಕೆ ಹೋದವು, ಬರುವಾಗ ಜೇನಿನ ಜೊತೆ ನುಸಿ ಹೊತ್ತು ತಂದವು. ದಾರಿ ತಪ್ಪಿದ ಅವರ ಹುಳವೂ ನನ್ನಲ್ಲಿಗೆ ಬಂದವು. ಒಂದೂವರೆ ತಿಂಗಳಲ್ಲಿ ಬಾಗಿಲ ಮುಂದೆ ರೆಕ್ಕೆ ಮುದುರಿದ ಮರಿ ತೆವಳುತ್ತಿದ್ದವು. ಎರಡು ಸಾವಿರದ ಔಷಧಿ ನೀರಿನಲ್ಲಿ ಹೋಮ. ಲಾರಿಯವರು ಹೋಗುವಾಗ ಒಂದು ಬಾಟಲಿ ಜೇನು ಕೊಟ್ಟು ಹೋದರು, ಅದೂ ನನ್ನ ಗಿಡದ್ದೇ.

ಜಗಳೂರು ಲಾರಿ ಜೇನು:
ಎಲ್ಲಾ ಲಾರಿ ನನ್ನದಲ್ಲ. ಆದರೂ ಕೇಳುತ್ತೇನೆ. ದಾಳಿಂಬೆಯ ಹಸ್ತ ಬಹಾರ್ ಹಂಗಾಮಿನ ಹೂವಿನಲ್ಲಿ ಹಗಲು ಹನ್ನೊಂದಕ್ಕೆ ಸ್ಪ್ರೇ ಹೊಡೆಯುವವರು ಯಾರು? ದಾಳಿಂಬೆ ಪಕ್ಕ ಇಳಿಸಿದ ಒಂದು ಸಲ ಬಾಗಿಲ ಮುಂದೆ ಸತ್ತ ಹುಳ ಮೊರದಲ್ಲಿ ತುಂಬಿದ್ದೇನೆ. ಅದು ನುಸಿ ಕೊಂದದ್ದಲ್ಲ.

ಹಿರಿಯೂರು ದಾಳಿಂಬೆ:
ದಾಳಿಂಬೆಗೆ ಅಂಗಮಾರಿ ರೋಗ ಬಂದರೆ ಎಕರೆಗೆ ಲಕ್ಷ ಲಕ್ಷ ಹೋಗುತ್ತೆ, ನಿಮ್ಮ ಹುಳ ಎದ್ದು ಹಲ್ಲುಜ್ಜಿ ಹೋಗುವವರೆಗೆ ಕಾಯಲಾ? ನಾನೂ ಸಂಜೆಯೇ ಹೊಡೆಯುತ್ತೇನೆ, ನನಗೂ ಪೆಟ್ಟಿಗೆ ಇದೆ. ಆಳು ಸಂಜೆ ಸಿಗದಿದ್ದರೆ ಏನು ಮಾಡಲಿ ಹೇಳಿ. ಸ್ಪ್ರೇ ದಿನ ಪೆಟ್ಟಿಗೆ ಬಾಗಿಲು ಮುಚ್ಚಿಕೊಳ್ಳಿ ಅಂತ ಹೇಳಲು ಇಟ್ಟವರ ನಂಬರ್ ಆದರೂ ಬೋರ್ಡ್ ಹಾಕಿರಬೇಕಲ್ಲ.

ದಾವಣಗೆರೆ ಪೇಟೆಯವ:
ನಾನು ಮಹಡಿ ಮೇಲೆ ಮೂರೇ ಪೆಟ್ಟಿಗೆ ಇಟ್ಟವನು, ಬೈಯಬೇಡಿ. ಬಿದ್ದದ್ದು ವರೋವಾ ಅಂತ ನೋಡಿದಿರಾ? ವರೋವಾ ಏಡಿಯ ಹಾಗೆ ಅಗಲ, ನಿಧಾನ. ಉದ್ದಕ್ಕೆ ಸಣ್ಣಗೆ ಇದ್ದು ಎರಿ ಮೇಲೆ ಸರಸರ ಓಡಿದರೆ ಅದು ಟ್ರೋಪಿಲೀಲ್ಯಾಪ್ಸ್ ಅನ್ನೋ ಬೇರೆ ನುಸಿ. ಅದಕ್ಕೆ ಬೆಳೆದ ಹುಳವನ್ನು ಕಚ್ಚಿ ಬದುಕಲು ಆಗುವುದಿಲ್ಲ, ಮರಿ ಇಲ್ಲದಿದ್ದರೆ ಕೆಲವೇ ದಿನದಲ್ಲಿ ಸಾಯುತ್ತೆ. ಅದಾಗಿದ್ದರೆ ರಾಣಿ ಬದಲಿಸುವ ಅಂತರವೇ ಅರ್ಧ ಔಷಧಿ. ನಾನು ಇದು ತಿಳಿಯದವರ ಮಾತಿನ ಮೇಲೆ ಸ್ಟ್ರಿಪ್ ತರಿಸಿದೆ, ಪ್ಯಾಕೆಟ್ 1,150. ಅದರಲ್ಲಿರುವ ಫ್ಲುವಾಲಿನೇಟ್ ಔಷಧಿ ಮೇಣದಲ್ಲಿ ಸೇರಿಕೊಂಡು ಕೂರುತ್ತೆ, ಬೇರೆ ದೇಶಗಳಲ್ಲಿ ನುಸಿ ಅದಕ್ಕೆ ಬಗ್ಗುವುದನ್ನೇ ಬಿಟ್ಟಿದೆ. ಹೊಸ ರಾಣಿಯ ಪೆಟ್ಟಿಗೆಗೆ ಅದನ್ನು ನಾನಂತೂ ಹಾಕಲ್ಲ. ಸಂದೇಹ ಇದ್ದರೆ ನುಸಿಯನ್ನು ಸ್ಪಿರಿಟ್ ಹಾಕಿದ ಸಣ್ಣ ಬಾಟಲಿಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಹಿರಿಯೂರಿನ ಬಬ್ಬೂರು ಕೃಷಿ ಫಾರಂಗೋ ಒಯ್ದು ತೋರಿಸಿ.

ಹೊಳಲ್ಕೆರೆ ತೆಂಗಿನತೋಟ:
ಅಗಲವೇ ಇದೆ ಸರ್, ಕೆಂಪು ಕಂದು, ಓಡುವುದಿಲ್ಲ. ವರೋವಾನೇ. ಇನ್ನೊಂದು ಸುದ್ದಿ, ರಾಣಿಯವರು ಫೋನ್ ಮಾಡಿ ಪಾರ್ಸೆಲ್ ಬುಧವಾರವೇ ಬರುತ್ತೆ ಅಂದರು. ಈಗ ಫಾರ್ಮಿಕ್ ಪೂರ್ತಿ ಮುಗಿಸಿ ವಾರ ಗಾಳಿ ಆಡಿಸಲು ಸಮಯ ಇಲ್ಲ. ಅಕ್ಕ ಹೇಳಿದ ಸಣ್ಣ ಪೆಟ್ಟಿಗೆಯೇ ಗತಿ ಅನಿಸುತ್ತೆ. ಖಾಲಿ ಎರಿ ನನ್ನ ಹತ್ತಿರ ಎರಡೇ ಇವೆ, ಉಳಿದ ಜಾಗಕ್ಕೆ ಮೇಣದ ಹಾಳೆ ಹಾಕಿದರೆ ನಡೆಯುತ್ತಾ? ಆಕ್ಸಾಲಿಕ್ ಇಲ್ಲಿ ಟೈಲ್ಸ್ ಅಂಗಡಿಯಲ್ಲಿ ಸಿಗುತ್ತೆ, ಕೆಜಿಗೆ 160 ಅಂತೆ. ಅದು ಆಗುತ್ತಾ?

ಚನ್ನಗಿರಿ ಅಡಿಕೆ:
ಕಲ್ಲು ಉಜ್ಜುವ ಆಕ್ಸಾಲಿಕ್ ಹುಳಕ್ಕಾ? ಬೇಡವೇ ಬೇಡ. ಅದರಲ್ಲಿ ಏನು ಬೆರೆಸಿದ್ದಾರೋ. ಲ್ಯಾಬಿಗೆ ಮಾರುವ ಹರಳು ತನ್ನಿ, ನೂರು ರೂಪಾಯಿ ಉಳಿಸಿ ಏನು ಮಾಡುತ್ತೀರಿ. ಮತ್ತೆ 24 ದಿನ ಮುಂದೂಡಲು ರಾಣಿಯವರನ್ನು ಕೇಳಿ ನೋಡಿ, ಇನ್ನೂ ಹೇಳುತ್ತೇನೆ.

ಜಗಳೂರು ಲಾರಿ ಜೇನು:
ನಾನು ಟೈಲ್ಸ್ ಅಂಗಡಿಯದ್ದೇ ಹಾಕಿದ್ದೇನೆ, ಏನೂ ಆಗಿಲ್ಲ.

ಹೊನ್ನಾಳಿ ಅಕ್ಕ:
ಏನೂ ಆಗಿಲ್ಲ ಅಂದರೆ ನುಸಿಗೂ ಏನೂ ಆಗಿಲ್ಲವೇನೋ. ಹುಡುಗಾ, ಮೇಣದ ಹಾಳೆ ನಡೆಯುತ್ತೆ, ಆದರೆ ಹೊರಗಿನ ಬದಿಗೆ ಹಾಕು, ಮಧ್ಯೆ ಕಟ್ಟಿದ ಎರಿಯೇ ಇರಲಿ. ರಾಣಿಗೆ ಮೊಟ್ಟೆ ಇಡಲು ತಕ್ಷಣ ಜಾಗ ಬೇಕು. ರಾತ್ರಿ ತೆಳ್ಳನೆ ಪಾಕ ಇಡು, ಬಾಗಿಲು ಎರಡು ಹುಳ ಹೋಗುವಷ್ಟು ಸಣ್ಣ ಮಾಡು, ಇಲ್ಲಾಂದ್ರೆ ಉಳಿದ ಆರು ಪೆಟ್ಟಿಗೆಯವು ಬಂದು ದೋಚುತ್ತವೆ. ಮೊದಲ ಮರಿಗೆ ಮೇಣ ಬೀಳುವುದು ಮೊಟ್ಟೆ ಇಟ್ಟ ಎಂಟು ಒಂಬತ್ತನೇ ದಿನಕ್ಕೆ. ಬುಧವಾರಕ್ಕೆ ಮೊದಲು ಔಷಧಿ ಆಗದೇ ಹೋದರೆ, ರಾಣಿ ನೆಲೆ ನಿಂತ ಮೇಲೆ ಅದಕ್ಕಿಂತ ಮುಂಚೆ ಒಂದು ಸಂಜೆ ಆಕ್ಸಾಲಿಕ್ ಹಾಕಬಹುದು. ಆದರೆ ಮೊದಲೇ ಮಾಡು. ಆ ಉಳಿದ ಆರು ಪೆಟ್ಟಿಗೆಯಲ್ಲಿ ನುಸಿ ಎಣಿಸಿದೆಯಾ?

ಹೊಳಲ್ಕೆರೆ ತೆಂಗಿನತೋಟ:
ಇಲ್ಲ ಅಕ್ಕ.

ಹಿರಿಯೂರು ದಾಳಿಂಬೆ:
ನೋಡಿ! ನಾನು ಹೇಳಿದ್ದು ಇದೇ.

ಸಂತೇಬೆನ್ನೂರು ತುಡುವೆ:
ಮಾರುವುದಾದರೆ ಖಾಲಿ ಪೆಟ್ಟಿಗೆ ನನಗೆ ಬೇಡ, ಅಳತೆ ಆಗಲ್ಲ. ಹೊಗೆ ತಿದಿ ಇದ್ದರೆ ತಿಳಿಸಿ, 500ಕ್ಕೆ ತಗೊಳ್ಳುತ್ತೇನೆ.